ವ್ರತದ ಉಪವಾಸ ಬೇರೆ, ಊಟ ಬಿಡಿಸುವ ಕಾಯಿಲೆ ಬೇರೆ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕೋಟೆಯನ್ನು ನೊಳಂಬರಿಂದ ಗೆದ್ದ ಗಂಗ ದೊರೆ ಇಮ್ಮಡಿ ಮಾರಸಿಂಹ ಕೊನೆಗೆ ರಾಜ್ಯ ತ್ಯಜಿಸಿದ. ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಕ್ರಿ.ಶ. 974ರ ಸುಮಾರಿನ ಈ ಸಂಗತಿಯನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ತಿಳಿಸುತ್ತದೆ. ಆಹಾರ ತ್ಯಾಗಕ್ಕೆ ಜೈನ ಸಮಾಜ ಕೊಡುವ ಗೌರವ ಅಷ್ಟು ಹಳೆಯದು. ಈ ಗೌರವದ ಕಾರಣದಿಂದಲೇ ಮನೆಯ ಮಗಳೋ ಮಗನೋ ಊಟ ಬಿಟ್ಟಾಗ ಅದು ಧರ್ಮಶ್ರದ್ಧೆಯೋ ಕಾಯಿಲೆಯೋ ಎಂದು ತಿಳಿಯುವುದು ತಡವಾಗಬಹುದು.

ಏನಿದು ಕಾಯಿಲೆ?

ಊಟ ಕಡಿಮೆ ಮಾಡುತ್ತಾ ಅಪಾಯದ ಮಟ್ಟಕ್ಕೆ ತೂಕ ಇಳಿಯುವುದಕ್ಕೆ ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿ ಈ ಹೆಸರು ಕೊಟ್ಟರು. ಒಮ್ಮೆಲೇ ಅತಿಯಾಗಿ ತಿಂದು, ನಂತರ ಅದನ್ನು ಹೊರಹಾಕಲು ಯತ್ನಿಸುವ ಬುಲಿಮಿಯಾವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ಹುಡುಗಿಯರಲ್ಲಿ ಹೆಚ್ಚು, ಆದರೆ ಹುಡುಗರಿಗೂ ಬರುತ್ತದೆ.

ಕಾರಣಗಳು

ಇದು ಹಠವಲ್ಲ, ತಾಯಿ-ತಂದೆಯರ ತಪ್ಪೂ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳು ವಂಶವಾಹಿಯ ಪಾಲು ದೊಡ್ಡದೆಂದು ತೋರಿಸಿವೆ. ಸುಮಾರು 17 ಸಾವಿರ ರೋಗಿಗಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಸಂಶೋಧನೆ, ಮನಸ್ಸಿನ ಜೊತೆಗೆ ದೇಹದ ಚಯಾಪಚಯಕ್ಕೂ ಅನೊರೆಕ್ಸಿಯಾದೊಂದಿಗೆ ನಂಟಿದೆ ಎಂದಿತು. ಆತಂಕದ ಸ್ವಭಾವ, ತೂಕದ ಬಗ್ಗೆ ಚುಚ್ಚುಮಾತು, ತೆಳ್ಳಗಿರುವುದೇ ಚೆಂದ ಎಂಬ ಪ್ರಚಾರ ಇವೂ ಸೇರಿಕೊಳ್ಳುತ್ತವೆ.

ಹಸಿವೇ ಮನಸ್ಸನ್ನು ಬದಲಿಸುತ್ತದೆ ಎಂಬುದು ಇನ್ನೊಂದು ಮುಖ್ಯ ವಿಷಯ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಡಲಾಯಿತು. ಅವರಲ್ಲಿ ಅನೇಕರು ಖಿನ್ನರಾದರು, ಗೆಳೆಯರಿಂದ ದೂರವಾದರು, ಹಗಲಿರುಳು ಊಟದ ಯೋಚನೆಯಲ್ಲೇ ಮುಳುಗಿದರು. ಆದ್ದರಿಂದ 'ಸುಮ್ಮನೆ ಊಟ ಮಾಡಬಾರದೇ' ಎಂಬ ಬುದ್ಧಿಮಾತು ಸಾಲದು.

ಜನ ನೋಡುವ ರೀತಿ

ಹಾಂಗ್‌ಕಾಂಗ್‌ನ ವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಒಂದು ಅಂಶ ಗುರುತಿಸಿದರು: ಅಲ್ಲಿನ ಅನೇಕ ರೋಗಿಗಳು ದಪ್ಪಗಾಗುವ ಭಯ ಹೇಳಲಿಲ್ಲ, ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದರು. ಭಾರತದ ವೈದ್ಯರೂ ಇಂಥ ರೋಗಿಗಳನ್ನು ಕಂಡಿದ್ದಾರೆ. ಹಾಗಾಗಿ ಮನೆಯವರು ಹೊಟ್ಟೆಯ ಪರೀಕ್ಷೆಗಳಲ್ಲೇ ತಿಂಗಳು ಕಳೆಯುವುದುಂಟು. ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಬ್ಬರನ್ನಾದರೂ ನೋಡಿದ್ದರು. 'ಇದು ವಿದೇಶದ ಕಾಯಿಲೆ' ಎನ್ನುವಂತಿಲ್ಲ.

ವ್ಯತ್ಯಾಸ ಹೇಗೆ ತಿಳಿಯುವುದು?

ವ್ರತಕ್ಕೆ ಸಂಕಲ್ಪವಿದೆ, ಗುರುಗಳ ಅನುಮತಿಯಿದೆ, ಅವಧಿಯಿದೆ, ಕೊನೆಗೆ ಪಾರಣೆಯಿದೆ. ಮನೆಯವರೆಲ್ಲರಿಗೂ ಗೊತ್ತಿರುತ್ತದೆ, ಮನಸ್ಸು ಶಾಂತವಾಗಿರುತ್ತದೆ. ಕಾಯಿಲೆಗೆ ಅವಧಿಯಿಲ್ಲ. ಪಾರಣೆ ಎಂದರೆ ಭಯ, ಒಂದು ಉಪವಾಸ ಮುಗಿಯುತ್ತಲೇ ಇನ್ನೊಂದಕ್ಕೆ ನೆಪ, ಜೊತೆಯಲ್ಲಿ ಕುಳಿತು ಉಣ್ಣಲು ಹಿಂಜರಿಕೆ, ಪದೇ ಪದೇ ತೂಕ ನೋಡುವುದು, ತಲೆಸುತ್ತು, ಕೂದಲು ಉದುರುವುದು, ಮುಟ್ಟು ನಿಲ್ಲುವುದು ಇವೆಲ್ಲ ಎಚ್ಚರಿಕೆಯ ಸೂಚನೆಗಳು.

ಷೋಡಶಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಒಂದು. ಶಕ್ತಿಗೆ ತಕ್ಕಷ್ಟೇ ತಪಸ್ಸು ಎಂಬುದು ಅದರ ಅರ್ಥ. ಕಾಯಿಲೆಯ ಲಕ್ಷಣವಿರುವ ಮಕ್ಕಳಿಗೆ ದಶಲಕ್ಷಣ ಪರ್ವದಲ್ಲಿ ಉಪವಾಸದ ಬದಲು ಸ್ವಾಧ್ಯಾಯ, ಜಪ, ಮೌನ ಸಾಕು. ಮುನಿ ಮಹಾರಾಜರಿಗೆ, ಮಾತಾಜಿಯವರಿಗೆ ವಿಷಯ ತಿಳಿಸಿದರೆ ಅವರೇ ಸೂಕ್ತ ನಿಯಮ ಕೊಡುತ್ತಾರೆ.

ಏನು ಮಾಡಬೇಕು?

ಬೈಯಬೇಡಿ, ಇತರರಿಗೆ ಹೋಲಿಸಬೇಡಿ. ಹೃದಯಕ್ಕೂ ತೊಂದರೆಯಾಗುವುದರಿಂದ ಮೊದಲು ವೈದ್ಯರಿಂದ ದೇಹದ ತಪಾಸಣೆ ಮಾಡಿಸಿ. ತುಂಬಾ ಸೊರಗಿದವರಿಗೆ ಒಮ್ಮೆಲೇ ಹೆಚ್ಚು ಊಟ ಕೊಡುವುದೂ ಅಪಾಯ, ವೈದ್ಯರ ಸಲಹೆಯಂತೆ ನಡೆಯಿರಿ. ಮನೋವೈದ್ಯರ ನೆರವು ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.