ಕ್ರಿಯಾಪದದ ಜೊತೆಗಾರರು

ಇಂಗ್ಲಿಷಿನಲ್ಲಿ ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ; ಎರಡೂ ಕೂಡಿದರೆ ‘ಬಿಟ್ಟುಬಿಡು’! ಇಂಥ ಜೋಡಿಗಳು ಪರಭಾಷಿಕರಿಗೆ ಬಲು ತೊಡಕೆಂದು ಡಾಕ್ಟರ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಹೇಳಿದ್ದರು. ನಮ್ಮ ‘ಬಿಟ್ಟುಬಿಡು’ವಿನಲ್ಲಿಯೂ ಎರಡನೆಯ ‘ಬಿಡು’ ಸ್ವಂತ ಅರ್ಥವನ್ನು ತೊರೆದು, ಕ್ರಿಯೆ ಮುಗಿದ ಭಾವವನ್ನಷ್ಟೇ ಸೂಚಿಸುತ್ತದೆಯಲ್ಲವೆ?

ಸ್ಥಾನದ ನಿಯಮವೂ ಸೂಕ್ಷ್ಮವಾದುದು. ದೀಪವಾರಿಸಲು ‘ಟರ್ನ್ ಆಫ್ ದ ಲೈಟ್’ ಎನ್ನಬಹುದು, ‘ಟರ್ನ್ ದ ಲೈಟ್ ಆಫ್’ ಎಂದೂ ಹೇಳಬಹುದು. ದೀಪದ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಬೇಗನೆ’ ಎಂಬರ್ಥದ ‘ಕ್ವಿಕ್ಲಿ’ಗೆ ಮಾತ್ರ ಆ ನಡುಮನೆಗೆ ಪ್ರವೇಶವಿಲ್ಲ, ಅದು ಮೊದಲಲ್ಲೋ ಕೊನೆಯಲ್ಲೋ ನಿಲ್ಲಬೇಕು.

ಬಿಡಿಪದಗಳ ಅರ್ಥವೆಲ್ಲ ತಿಳಿದೂ ವಾಕ್ಯ ತಿಳಿಯದೆ ಕಂಗೆಡುವ ನಮ್ಮ ಹುಡುಗರನ್ನು ದಡ್ಡರೆನ್ನಲು ನಾನು ಒಪ್ಪಲಾರೆ. ಇಡೀ ವಾಕ್ಯಗಳು ಅವರ ಕಿವಿಗೆ ಮೇಲಿಂದ ಮೇಲೆ ಬೀಳಲಿ. ‘ಬಿಡು’ ನಮಗೆ ಒಲಿದದ್ದೂ ಹಾಗೆಯೇ.