ಜಿಲ್ಲೆಯ ಯೋಜನೆಯೂ ತಾಂಡಾದ ಮಗುವೂ

ಸರ್ಕಾರಿ ಶಾಲೆಗಳ ವಿಚಾರವನ್ನು ಈ ಅಂಕಣದಲ್ಲಿ ಏಕೆ ಎತ್ತಬೇಕೆಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಚದುರಿಹೋಗಿರುವ ನಮ್ಮ ಕಥೋಲಿಕ ಕುಟುಂಬಗಳು ಸಂಖ್ಯೆಯಲ್ಲಿ ಹೆಚ್ಚಿಲ್ಲ. ಅನುಕೂಲವುಳ್ಳ ಮನೆಯ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ. ಕೂಲಿನಾಲಿ ಮಾಡಿ ಬದುಕುವ ಮನೆಗಳ ಮಕ್ಕಳು ಊರ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾರೆ. ಈ ಎರಡನೆಯ ಬಗೆಯ ಮನೆಗಳ ತಂದೆತಾಯಂದಿರಲ್ಲಿ ಕೆಲವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿಯ, ಸದಸ್ಯರೂ ಆಗಿದ್ದಾರೆ. ಆ ಸಮಿತಿಯಲ್ಲಿ ನಿಮ್ಮ ಕೆಲಸವೇನೆಂದು ನಾವು ಕೇಳಿದಾಗಲೆಲ್ಲ ಬಂದ ಉತ್ತರ ಬಹುಮಟ್ಟಿಗೆ ಒಂದೇ: "ಮೇಷ್ಟ್ರು ಕರೆದಾಗ ಹೋಗಿ ರುಜು ಹಾಕಿ ಬರುತ್ತೇವೆ, ಸ್ವಾಮಿ." ಆ ರುಜು ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ತಿಳಿಸುವುದೇ ಇಂದಿನ ಲೇಖನದ ಉದ್ದೇಶ.

ಜಿಲ್ಲೆಗೊಂದು ದೀರ್ಘಾವಧಿಯ ಶಿಕ್ಷಣ ಯೋಜನೆ ಇರಬೇಕೆಂಬ ಕಲ್ಪನೆ ನಮ್ಮಲ್ಲಿ ಬಲಗೊಂಡದ್ದು 1994ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ಚಿತ್ರದುರ್ಗದ ಪಾಲಿಗೆ ಅಂತಹ ಯೋಜನೆ ಒದಗಿದ್ದು 2001-02ರಲ್ಲಿ ಸರ್ವ ಶಿಕ್ಷಣ ಅಭಿಯಾನ ಆರಂಭವಾದ ಮೇಲೆ. 2003ರೊಳಗೆ ಎಲ್ಲ ಮಕ್ಕಳೂ ಶಾಲೆಯಲ್ಲಿರಬೇಕು, 2007ರೊಳಗೆ ಎಲ್ಲರೂ ಐದು ವರ್ಷದ ಕಲಿಕೆ ಮುಗಿಸಬೇಕು, 2010ರೊಳಗೆ ಎಂಟು ವರ್ಷದ ಕಲಿಕೆ ಮುಗಿಸಬೇಕು ಎಂದು ಅದರ ಗುರಿ ಬರೆಯಲಾಗಿತ್ತು. ಈ ಮೂರು ಗಡುವುಗಳೂ ಕಳೆದುಹೋದವು. 2010ರ ಏಪ್ರಿಲ್ 1ರಂದು ಶಿಕ್ಷಣದ ಹಕ್ಕು ಕಾಯಿದೆ ಜಾರಿಗೆ ಬಂದಿತು. 2018ರಲ್ಲಿ ಅಭಿಯಾನವು ಇತರ ಯೋಜನೆಗಳೊಡನೆ ಸೇರಿ ಸಮಗ್ರ ಶಿಕ್ಷಣ ಎಂಬ ಹೆಸರು ತಳೆಯಿತು. ಹೆಸರು ಬದಲಾದರೂ ಯೋಜನೆ ಸಿದ್ಧಗೊಳ್ಳುವ ಕ್ರಮ ಬಹಳ ಬದಲಾಗಲಿಲ್ಲ.

ಆ ಕ್ರಮ ಹೀಗಿದೆ. ಶಾಲೆಯು ತನ್ನ ಅಂಕಿಅಂಶಗಳನ್ನೂ ಬೇಡಿಕೆಯನ್ನೂ ಬರೆದು ಕೊಡುತ್ತದೆ. ಸಮೂಹ ಸಂಪನ್ಮೂಲ ವ್ಯಕ್ತಿಗಳು ಅವನ್ನು ಕೂಡಿಸಿ ತಾಲ್ಲೂಕಿಗೆ ಒಪ್ಪಿಸುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಅವು ಚಿತ್ರದುರ್ಗದ ಉಪನಿರ್ದೇಶಕರ ಕಚೇರಿಗೆ ಬಂದು, ಜಿಲ್ಲೆಯ ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯವಾಗಿ ಬೆಂಗಳೂರಿಗೂ, ಅಲ್ಲಿಂದ ದೆಹಲಿಯ ಅನುಮೋದನಾ ಮಂಡಳಿಗೂ ಹೋಗುತ್ತವೆ. ಒಪ್ಪಿಗೆ ದೊರೆತ ಬಳಿಕ ಹಣ ಅದೇ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತದೆ. ಕೆಳಗಿನಿಂದ ಬರೆದು ಬಾರದ ಬೇಡಿಕೆಗೆ ಮೇಲಿನಿಂದ ಹಣ ಬರುವ ದಾರಿ ಇಲ್ಲ. ಗುಂಡಿ ಬಿದ್ದ ಅಡುಗೆಮನೆಯ ನೆಲವಿರಲಿ, ಬೀಗ ಹಾಕಿದ ಶೌಚಾಲಯವಿರಲಿ, ಯಾರೂ ಬರೆಯದಿದ್ದರೆ ಜಿಲ್ಲೆಯ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಇಲ್ಲಿಯೇ ನಮ್ಮ ಪ್ರದೇಶಕ್ಕೆ ಸಂಬಂಧಿಸಿದ ಮುಖ್ಯ ತೊಡಕು ಎದುರಾಗುತ್ತದೆ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಎಣಿಸುವ ದಿನ ಸೆಪ್ಟೆಂಬರ್ 30. ಇಡೀ ದೇಶದ ಶಾಲಾ ಅಂಕಿಅಂಶಗಳಿಗೆ ಬಹುಕಾಲದಿಂದ ಅದೇ ದಿನಾಂಕ ಆಧಾರವಾಗಿದೆ. ಶಾಲಾ ಅನುದಾನವನ್ನೂ ಮಕ್ಕಳ ಸಂಖ್ಯೆಯನ್ನು ನೋಡಿಯೇ ನಿಗದಿಪಡಿಸುತ್ತಾರೆ. ಇನ್ನು ನಮ್ಮ ತಾಲ್ಲೂಕುಗಳ ವರ್ಷವನ್ನು ನೋಡೋಣ. ಮುಂಗಾರಿಗೆ ಬಿತ್ತಿದ ಶೇಂಗಾ ಸೆಪ್ಟೆಂಬರ್ ಕೊನೆಗೆ ಇನ್ನೂ ಹೊಲದಲ್ಲಿರುತ್ತದೆ. ತಂದೆತಾಯಿ ಊರಲ್ಲಿರುತ್ತಾರೆ, ಮಕ್ಕಳು ತರಗತಿಯಲ್ಲಿರುತ್ತಾರೆ, ಹಾಜರಿ ಪುಸ್ತಕ ತುಂಬಿರುತ್ತದೆ. ಶೇಂಗಾ ಕಿತ್ತು ಒಕ್ಕಣೆ ಮುಗಿದ ಮೇಲೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಭಾಗದ ಲಂಬಾಣಿ ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಮಲೆನಾಡಿನ ಕಾಫಿ ಹಣ್ಣು ಕೊಯ್ಯಲು, ಕಬ್ಬು ಕಡಿಯಲು ಗಂಟುಮೂಟೆ ಕಟ್ಟುತ್ತದೆ. ಅರೇಬಿಕಾ ಕೊಯ್ಲು ಮುಗಿದರೆ ರೊಬಸ್ಟಾ ಕೊಯ್ಲು. ಹಾಗಾಗಿ ಮರಳಿ ಬರುವಾಗ ಮಾರ್ಚ್ ಸಮೀಪಿಸಿರುತ್ತದೆ. ಅಜ್ಜಿ ಇದ್ದ ಮನೆಯ ಮಗು ಊರಲ್ಲಿ ಉಳಿಯುತ್ತದೆ. ಅಜ್ಜಿ ಇಲ್ಲದ ಮಗು ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡು ತೋಟದ ಲೈನುಮನೆ ಸೇರುತ್ತದೆ.

ಮಳೆ ಕೈಕೊಟ್ಟ ವರ್ಷದಲ್ಲಂತೂ ಈ ಪಯಣ ಒಂದು ತಿಂಗಳು ಮೊದಲೇ ಆರಂಭ. ಕೀಳುವುದಕ್ಕೆ ಹೊಲದಲ್ಲಿ ಏನೂ ಇಲ್ಲದಿದ್ದರೆ ಕಾಯುವುದಾದರೂ ಏಕೆ? 2023ರ ಬರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಣಿಕೆಯ ಪುಸ್ತಕದಲ್ಲಿ ಮಾತ್ರ ಆ ಮಗು ಇದ್ದೇ ಇದೆ. ಸೆಪ್ಟೆಂಬರ್ 30ರಂದು ಅದು ನಿಜವಾಗಿಯೂ ತರಗತಿಯಲ್ಲಿತ್ತಾದ್ದರಿಂದ ಆ ಲೆಕ್ಕವನ್ನು ಸುಳ್ಳೆನ್ನಲೂ ಬಾರದು. ಇದು ಲೆಕ್ಕದ ದೋಷವಲ್ಲ, ದಿನಾಂಕದ ದೋಷ. ಪ್ರತಿಯೊಬ್ಬ ಮಗುವಿಗೂ ಗುರುತಿನ ಸಂಖ್ಯೆಯಿದ್ದು, ಅದರ ಪ್ರಗತಿ ಕಂಪ್ಯೂಟರಿನಲ್ಲಿ ದಾಖಲಾಗುವ ಈ ಕಾಲದಲ್ಲಿಯೂ ನವೆಂಬರಿನಿಂದ ಫೆಬ್ರವರಿಯವರೆಗಿನ ಖಾಲಿ ಬೆಂಚು ಜಿಲ್ಲೆಯ ದೀರ್ಘಾವಧಿ ಯೋಜನೆಯಲ್ಲಿ ಕಾಣಬೇಕಾದಷ್ಟು ಕಾಣುವುದಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಶಿಕ್ಷಣದ ಹಕ್ಕು ಕಾಯಿದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಯರು ಇಲ್ಲವೆ ಪೋಷಕರಾಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. 22ನೆಯ ಪ್ರಕರಣದಂತೆ ಆ ಸಮಿತಿಯೇ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಕೇಂದ್ರದ ಮಾದರಿ ನಿಯಮಗಳು ಅದನ್ನು ಮೂರು ವರ್ಷದ ಯೋಜನೆ ಎಂದು ಕರೆದು, ಹಣಕಾಸು ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ ಬರೆದು ಮುಗಿಸಬೇಕೆನ್ನುತ್ತವೆ. ಅಂದರೆ ಡಿಸೆಂಬರ್ ಕೊನೆಯೊಳಗೆ. ಆದರೆ ಡಿಸೆಂಬರಿನಲ್ಲಿ ಆ ತಂದೆತಾಯಿಯರು ಎಲ್ಲಿದ್ದಾರೆ? ತೋಟದಲ್ಲಿ. ವಲಸೆಯ ಮಗುವಿಗೆ ಏನು ಬೇಕೆಂದು ಬಲ್ಲವರು ಬಲ್ಲಷ್ಟನ್ನು ಹೇಳಲು ಸಭೆಯಲ್ಲಿ ಇರುವುದಿಲ್ಲ. ಊರಲ್ಲಿ ಉಳಿದವರು ತಮಗೆ ಕಂಡದ್ದನ್ನು, ಅಂದರೆ ಕಾಂಪೌಂಡು, ಬಣ್ಣ, ಕುರ್ಚಿಗಳನ್ನು, ಬರೆಸಿ ಬರುತ್ತಾರೆ. ಕಾಂಪೌಂಡು ಬೇಡವೆಂದು ನಾವು ಹೇಳುತ್ತಿಲ್ಲ. ದನಕರು ನುಗ್ಗುವ ಶಾಲೆಗೆ ಅದು ಬೇಕೇ ಬೇಕು.

ಸರಾಸರಿ ಎಂಬುದು ಆಡಳಿತಕ್ಕೆ ಅನಿವಾರ್ಯವಾದ ಸಾಧನ. ಆದರೂ ಅದರೊಡನೆ ಎಚ್ಚರದಿಂದಿರಬೇಕು. ಕಾರ್ಯವಿವೇಕವು ಸಾಮಾನ್ಯ ತತ್ತ್ವಗಳನ್ನಷ್ಟೇ ಅರಿತರೆ ಸಾಲದು, ಬಿಡಿಬಿಡಿಯಾದ ಸಂಗತಿಗಳನ್ನೂ ಅರಿಯಬೇಕು, ಏಕೆಂದರೆ ಕ್ರಿಯೆ ನಡೆಯುವುದು ಬಿಡಿ ಸಂಗತಿಗಳ ನಡುವೆಯೇ ಎಂದು ಅರಿಸ್ಟಾಟಲನು ವಾದಿಸಿದ್ದಾನೆ. ಹಿರಿಯೂರನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಹರಿದಾಗ ಜಿಲ್ಲೆಯೇ ಹಬ್ಬ ಮಾಡಿತು. ನಾಲೆಯ ಬದಿಯ ಊರಿಗೆ ಅದು ತೆಂಗು, ಅಡಿಕೆ, ವರ್ಷವಿಡೀ ಕೆಲಸ. ನಾಲೆಯ ನೀರು ಮುಟ್ಟದ ದಿಬ್ಬದ ಗೊಲ್ಲರಹಟ್ಟಿಗೆ ಅದು ದೂರದಿಂದ ಕಾಣುವ ನೀರು. ಈ ಎರಡೂ ಶಾಲೆಗಳ ಹಾಜರಿಯನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾವ ಶಾಲೆಯದೂ ಅಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 73ಕ್ಕೂ ಹೆಚ್ಚೆಂದು ದಾಖಲಾಯಿತು. ಅದನ್ನು ಓದಿದ ಯಾರಿಗೂ ಆ ಹಟ್ಟಿ ಕಾಣದು.

ಹಟ್ಟಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹೊರಗಿರಿಸುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಏಳನೆಯ, ಎಂಟನೆಯ ತರಗತಿಯ ಹುಡುಗಿ ಪ್ರತಿ ತಿಂಗಳೂ ಮೂರುನಾಲ್ಕು ದಿನ ತಪ್ಪಿಸಿಕೊಂಡರೆ ವರ್ಷಕ್ಕೆ ಎಷ್ಟಾಯಿತೆಂದು ಓದುಗರೇ ಗುಣಿಸಿ ನೋಡಲಿ. ಆರರಿಂದ ಎಂಟನೆಯ ತರಗತಿಗೆ ಕಾಯಿದೆ ಗೊತ್ತುಮಾಡಿರುವುದೇ 220 ದಿನ. ಪದ್ಧತಿಯನ್ನು ಶಾಲೆಯೊಂದೇ ಬದಲಿಸಲಾರದು. ನೀರು ಬರುವ, ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯವನ್ನಂತೂ ಶಾಲೆ ಕೊಡಬಹುದು, ಮತ್ತು ಸಮಗ್ರ ಶಿಕ್ಷಣದ ಶಾಲಾ ಅನುದಾನದಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಸ್ವಚ್ಛತೆಗೆ ಮೀಸಲಿಡಬೇಕೆಂಬ ಸೂಚನೆಯೂ ಇದೆ. ಸಮಿತಿಯ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿರುವುದು ಇಂತಹ ಮಾತನ್ನು ಬಾಯಿಬಿಟ್ಟು ಹೇಳಲಿ ಎಂದೇ. ಗಂಡಸರ ಎದುರು ಹೇಳಲು ಸಂಕೋಚವಾದರೆ ಮೇಡಂ ಅವರ ಕಿವಿಯಲ್ಲಾದರೂ ಹೇಳಿ ಬರೆಸಬಹುದು.

ವಲಸೆಯ ಮಗುವಿಗೆ ಕಾನೂನಿನಲ್ಲಿ ದಾರಿಯೇ ಇಲ್ಲವೆ? ಇದೆ. ಕಾಯಿದೆಯ 5ನೆಯ ಪ್ರಕರಣವು ಮಗುವಿಗೆ ಶಾಲೆ ಬದಲಿಸುವ ಹಕ್ಕನ್ನು ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. ಚಿಕ್ಕಮಗಳೂರಿನ ತೋಟದ ಪಕ್ಕದ ಸರ್ಕಾರಿ ಶಾಲೆಯಲ್ಲಿಯೂ ಕನ್ನಡವೇ ಕಲಿಕೆಯ ಭಾಷೆ, ಪುಸ್ತಕವೂ ಅದೇ, ಮಧ್ಯಾಹ್ನದ ಬಿಸಿಯೂಟವೂ ಅದೇ. ಊರಲ್ಲೇ ಉಳಿಯುವ ಮಕ್ಕಳಿಗಾಗಿ ವಲಸೆಯ ತಿಂಗಳುಗಳಷ್ಟೇ ನಡೆಯುವ ಋತುಮಾನದ ವಸತಿ ವ್ಯವಸ್ಥೆಗೂ ಯೋಜನೆಯಲ್ಲಿ ಅವಕಾಶವಿದೆ. 2013ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಬಳಿಕ, ಒಂದು ವಾರ ಸತತವಾಗಿ ಬಾರದ ಮಗುವನ್ನು ಹುಡುಕಿ ಹೋಗಬೇಕೆಂಬ ಕ್ರಮವೂ ಬಂದಿದೆ. ಕೊರತೆ ಕಾನೂನಿನದಲ್ಲ. ಯಾವ ತಾಂಡಾದಿಂದ ಎಷ್ಟು ಮಕ್ಕಳು, ಯಾವ ತಿಂಗಳು, ಯಾವ ಊರಿಗೆ ಹೋಗುತ್ತಾರೆಂಬ ಪಟ್ಟಿ ಶಾಲೆಯ ಯೋಜನೆಯಲ್ಲಿ ಇರದಿದ್ದರೆ ಜಿಲ್ಲೆಯವರು ವಸತಿ ವ್ಯವಸ್ಥೆಯನ್ನು ಯಾವ ಆಧಾರದ ಮೇಲೆ ಕೇಳಬೇಕು? ಅಧಿಕಾರಿಗಳಿಗೆ ಮನಸ್ಸಿಲ್ಲವೆಂದು ಬೈಯುವುದು ಸುಲಭ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗುವುದು ಸ್ವಲ್ಪ ಕಷ್ಟ, ಆದರೆ ಫಲ ಕೊಡುವುದು ಅದೇ.

ಇನ್ನು ನಮ್ಮವರಿಗೇ ನೇರವಾಗಿ ತಟ್ಟುವ ಮಾತು. ಚಿಕ್ಕಮಗಳೂರು, ಕೊಡಗಿನ ಕಡೆ ನಮ್ಮ ಬಂಧುಬಳಗದಲ್ಲಿ ಕಾಫಿ ತೋಟವುಳ್ಳವರಿದ್ದಾರೆ, ತೋಟದಲ್ಲಿ ರೈಟರು, ಮೇಸ್ತ್ರಿಗಳಾಗಿರುವವರೂ ಇದ್ದಾರೆ. ಹೊಸದುರ್ಗದ ತಾಂಡಾದಿಂದ ಲಾರಿ ಇಳಿಯುವ ಕುಟುಂಬ ಅವರ ಅಂಗಳಕ್ಕೇ ಬಂದು ನಿಲ್ಲಬಹುದು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕೂಲಿಗೆ ಹಚ್ಚುವಂತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಹಚ್ಚದಿದ್ದರೆ ಸಾಲದು, ಬಂದ ಮರುದಿನವೇ ಮಗುವನ್ನು ಹತ್ತಿರದ ಶಾಲೆಗೆ ಸೇರಿಸಿದಿರಾ ಎಂದು ವಿಚಾರಿಸಬೇಕು. ಕ್ರಿಸ್ಮಸ್ಸಿಗೆ ಮನೆಗೆ ಬರುವ ನೆಂಟರನ್ನು ಊಟಕ್ಕೆ ಕುಳಿತಾಗ ಇದನ್ನು ಕೇಳಿದರೆ ತಪ್ಪೇನಿಲ್ಲ. ಸ್ವಲ್ಪ ಇರುಸುಮುರುಸಾದರೂ ಆಗಲಿ.

ಕಾನ್ವೆಂಟಿಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೂ ಒಂದು ಮಾತುಂಟು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣದ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. 2025ರಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ಅದನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಅದು ಏನೇ ಆಗಲಿ, ಊರ ಸರ್ಕಾರಿ ಶಾಲೆಯಿಂದ ನಾವು ನಮ್ಮ ಮಕ್ಕಳನ್ನು ಬಿಡಿಸಿದಾಗ ಮಗುವಿನ ಜೊತೆಗೆ ಪಾಸ್‌ಬುಕ್ ಓದಬಲ್ಲ, ಅರ್ಜಿ ಬರೆಯಬಲ್ಲ ತಂದೆತಾಯಿಯನ್ನೂ ಆ ಶಾಲೆಯಿಂದ ಬಿಡಿಸಿಕೊಂಡಂತಾಯಿತು. ಸಮಿತಿಯ ಸದಸ್ಯರಾಗಲು ಮಗು ಅಲ್ಲಿ ಓದುತ್ತಿರಬೇಕೆಂಬುದು ನಿಜ. ಆದರೆ ಪಕ್ಕದ ಮನೆಯ ಸದಸ್ಯೆಗೆ ಯೋಜನೆಯ ನಮೂನೆಯನ್ನು ಓದಿ ಹೇಳಲು, ವಲಸೆ ಮಕ್ಕಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದುಕೊಡಲು ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ನಿವೃತ್ತ ಶಿಕ್ಷಕ ಶಿಕ್ಷಕಿಯರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ, ಸಂಜೆಯ ಹೊತ್ತು ಅವರಿಗೆ ಬಿಡುವೂ ಇದೆ.

ಕರ್ನಾಟಕದಲ್ಲಿ ಈ ಸಮಿತಿಗಳು ಹುಟ್ಟಿದ್ದು ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯ ಮೇರೆಗೆ, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ಕೇಂದ್ರದ ಕಾಯಿದೆಗಿಂತ ಎಂಟೊಂಬತ್ತು ವರ್ಷ ಮೊದಲೇ ಪೋಷಕರ ಕೈಗೆ ಶಾಲೆಯನ್ನು ಒಪ್ಪಿಸಿದ ರಾಜ್ಯ ನಮ್ಮದು. ಈಗ ಸದಸ್ಯರಾಗಿರುವ ನಮ್ಮ ತಂದೆತಾಯಂದಿರು ಮುಖ್ಯೋಪಾಧ್ಯಾಯರನ್ನು ಗೌರವದಿಂದ ಕೇಳಬೇಕಾದದ್ದು ಎರಡೇ ಸಂಗತಿ. ರುಜು ಹಾಕುವ ಮುನ್ನ ಮೂರು ವರ್ಷದ ಯೋಜನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಮತ್ತು ಆ ಯೋಜನೆಯ ಸಭೆಯನ್ನು ಡಿಸೆಂಬರಿಗೆ ತಳ್ಳದೆ, ದಸರಾ ರಜೆ ಮುಗಿದ ವಾರದಲ್ಲೇ ಕರೆಯಿಸಿರಿ. ಶೇಂಗಾ ಒಕ್ಕಣೆ ಆಗ ನಡೆಯುತ್ತಿರುತ್ತದೆ; ತಾಂಡಾದವರು ಇನ್ನೂ ಲಾರಿ ಹತ್ತಿರುವುದಿಲ್ಲ.