ಗಣಕಯಂತ್ರದ ಪರದೆ ಮರಗಟ್ಟುವುದೇಕೆ?

ಗಣಕಯಂತ್ರದಲ್ಲಿ ಕೆಲಸ ಮಾಡುತ್ತಿರುವಾಗ ವಿಂಡೋ ಒಮ್ಮೆಲೇ ಮಸುಕಾಗಿ, ಗುಂಡಿ ಒತ್ತಿದರೂ ಓಗೊಡದೆ ನಿಲ್ಲುವುದುಂಟು. ಯಂತ್ರವೇ ಕೆಟ್ಟಿತೆಂದು ಬಗೆದು ಹೊಸಬರು ಅದನ್ನು ಆರಿಸಿಬಿಡುತ್ತಾರೆ. ಉಳಿಸದ ಬರಹವೆಲ್ಲ ನಷ್ಟವಾಗುತ್ತದೆ. ಇದಕ್ಕೆ ಕಾರಣವೇನು?

ತಂತ್ರಾಂಶದಲ್ಲಿ ಒಂದರ ಹಿಂದೊಂದರಂತೆ ಸಾಗುವ ಕೆಲಸದ ಸಾಲಿಗೆ ಥ್ರೆಡ್, ಅರ್ಥಾತ್ ಎಳೆ, ಎಂದು ಹೆಸರು. ಪರದೆಯನ್ನು ಚಿತ್ರಿಸುವುದೂ ನಮ್ಮ ಒತ್ತುಗಳನ್ನು ಸರದಿಯಂತೆ ಆಲಿಸುವುದೂ ಸಾಮಾನ್ಯವಾಗಿ ಒಂದೇ ಎಳೆಯ ಹೊಣೆ. ಲಕ್ಷಾಂತರ ಕಡತಗಳನ್ನು ಹುಡುಕುವ ಕಾರ್ಯವನ್ನೂ ಅದರ ತಲೆಗೇ ಕಟ್ಟಿದರೆ ಆಲಿಸುವವರಾರು? 5 ಸೆಕೆಂಡು ಕಳೆದರೂ ಓಗೊಡದ ವಿಂಡೋವನ್ನು ವಿಂಡೋಸ್ ವ್ಯವಸ್ಥೆಯು ‘ಪ್ರತಿಕ್ರಿಯಿಸುತ್ತಿಲ್ಲ’ವೆಂದು ಗುರುತಿಸುತ್ತದೆ.

ಪರಿಹಾರವೆಂದರೆ, ದೀರ್ಘ ಕಾರ್ಯವನ್ನು ಹಿನ್ನೆಲೆಯ ಮತ್ತೊಂದು ಎಳೆಗೆ ವಹಿಸುವುದು. ಆದರೆ ಆ ಎಳೆ ತಾನೇ ಪರದೆಯನ್ನು ಮುಟ್ಟಕೂಡದು. ಒಂದೇ ಹಲಗೆಯ ಮೇಲೆ ಇಬ್ಬರು ಏಕಕಾಲದಲ್ಲಿ ಬರೆದರೆ ಅಕ್ಷರ ಕಲಸಿಹೋಗದೆ? ಫಲಿತಾಂಶವನ್ನು ಮುಖ್ಯ ಎಳೆಯ ಸರದಿಗೆ ಸೇರಿಸಬೇಕು. ತೋರಿಸುವುದು ಮುಖ್ಯ ಎಳೆಯ ಕೆಲಸ. ಈ ಕ್ರಮವನ್ನು ಸುಲಭಗೊಳಿಸಲು 2005ರಲ್ಲಿ ಡಾಟ್‌ನೆಟ್ 2.0 ‘ಬ್ಯಾಕ್‌ಗ್ರೌಂಡ್ ವರ್ಕರ್’ ಎಂಬ ಸಾಧನವನ್ನೂ, 2006ರಲ್ಲಿ ಜಾವಾ 6 ‘ಸ್ವಿಂಗ್ ವರ್ಕರ್’ ಎಂಬುದನ್ನೂ ಒದಗಿಸಿದವು.

ಕೆಲಸ ಎಷ್ಟಾಯಿತೆಂಬ ಸೂಚನೆಯೂ ‘ರದ್ದುಮಾಡು’ ಗುಂಡಿಯೂ ಜೊತೆಗಿರಬೇಕು. ತನ್ನ ಮನೆತನದಲ್ಲಿ ಮೊತ್ತಮೊದಲಿಗೆ ಈ ಯಂತ್ರವನ್ನು ಮುಟ್ಟಿದವನು, ತನ್ನಿಂದಲೇ ಏನೋ ತಪ್ಪಾಯಿತೆಂದು ಅಂಜುವ ಪ್ರಮೇಯ ಆಗ ಬಾರದು.